ಮದರಾಸಿನ ದಲ್ಲಾಲಿಯ ಪತ್ರ: ಹತ್ತಿ ಉರಿದ ಆ ಎರಡು ಕೊಪ್ಪರಿಗೆಗಳು ಯಾವುವು?

ಪ್ರಶ್ನೆ: ನಮ್ಮ ಮುತ್ತಜ್ಜನವರ ಪೇಢಿ, ಅಂದರೆ ವ್ಯಾಪಾರದ ಮಳಿಗೆ, ಮುಂಬಯಿಯ ಮಸ್ಜಿದ್ ಬಂದರಿನಲ್ಲಿತ್ತು. ಮುಲುಂಡಿನ ನಮ್ಮ ಮನೆಯ ಲಾಫ್ಟಿನಲ್ಲಿದ್ದ ತಗಡಿನ ಟ್ರಂಕನ್ನು ಈಚೆಗೆ ಇಳಿಸಿದಾಗ, ಮದರಾಸಿನ ದಲ್ಲಾಲಿಯೊಬ್ಬರು ಅವರಿಗೆ ಕನ್ನಡದಲ್ಲಿ ಬರೆದ ಎರಡು ಹಾಳೆಯ ಪತ್ರ ಸಿಕ್ಕಿತು. ದರ, ಬಿಲ್ಟಿ (ಸರಕು ಕಳಿಸಿದ ರೈಲು ರಸೀದಿ), ಹುಂಡಿ (ಹಣ ಕೊಡುವಂತೆ ಬರೆಯುವ ವ್ಯಾಪಾರದ ಚೀಟಿ) ಇವುಗಳ ಮಾತಿನ ನಡುವೆ, ರಾತ್ರಿ ಸಮುದ್ರದ ಕಡೆಯಿಂದ ಗುಂಡು ಹಾಕಿದರು, ಕೊಬ್ಬರಿ ಹತ್ತಿ ಉರಿಯಿತು ಎಂಬ ಮಾತಿದೆ. ಜಪಾನಿನವರು ಬಾಂಬು ಹಾಕಿದಾಗ ಬಂದ ಪತ್ರ ಅದು ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಇದು ಯಾವ ದಾಳಿ? ವ್ಯಾಪಾರಿಯ ಪತ್ರವನ್ನು ಇತಿಹಾಸದ ಸಾಕ್ಷಿ ಎಂದು ನಂಬಬಹುದೇ? ಅದನ್ನು ಈಗ ಏನು ಮಾಡಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಈ ಪತ್ರ ಹೇಳುತ್ತಿರುವುದು 1914ರ ಸೆಪ್ಟೆಂಬರ್ 22, ಮಂಗಳವಾರ ರಾತ್ರಿ ಎಮ್ಡನ್ ಎಂಬ ಜರ್ಮನ್ ಯುದ್ಧನೌಕೆ ಮದರಾಸಿನ ಮೇಲೆ ನಡೆಸಿದ ಗುಂಡಿನ ದಾಳಿಯನ್ನು. ಜಪಾನಿನವರಿಗೂ ಇದಕ್ಕೂ ಸಂಬಂಧವಿಲ್ಲ. ಅವರ ಬಾಂಬುಗಳು ಬಿದ್ದದ್ದು ಇಪ್ಪತ್ತೆಂಟು ವರ್ಷಗಳ ನಂತರ, ಮತ್ತೊಂದು ಯುದ್ಧದಲ್ಲಿ. ನೀವು ಕಳಿಸಿದ ಫೋಟೋಗಳನ್ನು ನೋಡಿದಾಗಲೇ ನನಗೆ ಇದು ಬಹುಮಟ್ಟಿಗೆ ಖಚಿತವಾಗಿತ್ತು. ಆದರೂ ಹಳೆಯ ಕಾಗದವನ್ನು ಫೋಟೋ ನೋಡಿ ತೀರ್ಮಾನಿಸುವುದು ನನಗೆ ಒಗ್ಗದ ಕೆಲಸವಾದ್ದರಿಂದ ಕಳೆದ ಭಾನುವಾರ ನಿಮ್ಮ ಮನೆಗೆ ಬಂದು, ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಹಾಳೆಗಳನ್ನು ಓದಿದೆ. ಆ ಓದಿನಲ್ಲಿ ತಿಳಿದುದನ್ನು, ಇಂಥ ಕಾಗದಗಳು ಮನೆಯಲ್ಲಿರುವ ಇತರ ಓದುಗರಿಗೂ ಉಪಯೋಗವಾದೀತೆಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಕಾಲ ಗೊತ್ತುಮಾಡುವುದರಿಂದ ಆರಂಭಿಸೋಣ. ಪತ್ರದ ತಲೆಯಲ್ಲಿ "ಶ್ರೀ" ಎಂದು ಬರೆದು, ಅದರ ಕೆಳಗೆ "ಆನಂದ ಸಂ॥ ಆಶ್ವಯುಜ ಶು॥" ಎಂದಿದೆ. ತಿಥಿ ಇರಬೇಕಾದ ಜಾಗವನ್ನು ತೇವ ತಿಂದುಹಾಕಿದೆ. ಅದರ ಮುಂದೆ "ಗುರುವಾರ" ಎಂಬುದು ಮಾತ್ರ ಸ್ಪಷ್ಟವಾಗಿ ಉಳಿದಿದೆ. ಇಂಗ್ಲಿಷ್ ತಾರೀಖು ಎಲ್ಲಿಯೂ ಇಲ್ಲದ್ದರಿಂದ ನಿಮಗೆ ಇದು ಒಗಟಾಗಿ ಕಂಡಿತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಆನಂದ ಸಂವತ್ಸರ ಬಂದದ್ದು 1854ರಲ್ಲಿ, 1914ರಲ್ಲಿ, ಮತ್ತೆ 1974ರಲ್ಲಿ. ಲಕೋಟೆಯ ಮೇಲೆ ಐದನೆಯ ಜಾರ್ಜ್ ದೊರೆಯ ಮುಖವಿರುವ ಹಸಿರು ಬಣ್ಣದ ಅರ್ಧ ಆಣೆ ಅಂಚೆಚೀಟಿ ಇರುವುದರಿಂದ ಮೊದಲನೆಯದೂ ಕೊನೆಯದೂ ತಾವಾಗಿಯೇ ಬಿದ್ದುಹೋಗುತ್ತವೆ. ಜಪಾನಿನವರ ದಾಳಿ ನಡೆದದ್ದು 1942ರ ಏಪ್ರಿಲಿನಲ್ಲಿ. ಆಗ ಚಿತ್ರಭಾನು ಸಂವತ್ಸರ, ಚೈತ್ರ ಮಾಸ. ಅಂಚೆಚೀಟಿಯ ಮೇಲೆ ಆರನೆಯ ಜಾರ್ಜ್ ದೊರೆ. ಅರ್ಧ ಆಣೆಗೆ ಲಕೋಟೆ ಹೋಗುವ ಕಾಲವೂ ಮುಗಿದು ಬಹಳ ವರ್ಷಗಳಾಗಿದ್ದವು.

ಇನ್ನು ದಿನ. 1914ರಲ್ಲಿ ಆಶ್ವಯುಜ ಶುದ್ಧ ಪಾಡ್ಯ, ಅಂದರೆ ನವರಾತ್ರಿಯ ಆರಂಭ, ಸೆಪ್ಟೆಂಬರ್ 20ರಂದು ಬಂದಿತ್ತು. ಆ ಶುಕ್ಲಪಕ್ಷದಲ್ಲಿ ಗುರುವಾರಗಳು ಎರಡೇ: ಸೆಪ್ಟೆಂಬರ್ 24 ಮತ್ತು ಅಕ್ಟೋಬರ್ 1. ಪತ್ರದಲ್ಲಿ "ಮೊನ್ನೆ ಮಂಗಳವಾರ ರಾತ್ರಿ" ಎಂದಿರುವುದರಿಂದ ಮೊದಲನೆಯ ಗುರುವಾರವೇ ಸರಿಹೊಂದುತ್ತದೆ. ಒಂದು ವಾರ ಕಳೆದ ಮೇಲೆ ಯಾರೂ ಮೊನ್ನೆ ಎಂದು ಬರೆಯುವುದಿಲ್ಲ. ಲಕೋಟೆಯ ಹಿಂಬದಿಯ ಮುಂಬಯಿ ಅಂಚೆ ಮುದ್ರೆಯಲ್ಲಿ ತಾರೀಖಿನ ಅಂಕಿಗಳು ಕಲಸಿಹೋಗಿದ್ದರೂ ಸೆಪ್ಟೆಂಬರ್ ಎಂಬುದರ ಮೊದಲ ಮೂರು ಇಂಗ್ಲಿಷ್ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಬಹುದು. ಹೀಗೆ ಪಂಚಾಂಗ, ಅಂಚೆಚೀಟಿ, ಮುದ್ರೆ, ಪತ್ರದೊಳಗಿನ ಮಾತು ಈ ನಾಲ್ಕೂ ಒಂದೇ ದಿನವನ್ನು ತೋರಿಸುತ್ತಿವೆ. ಪತ್ರ ಬರೆದದ್ದು ದಾಳಿಯ ಎರಡನೆಯ ದಿನ. ರಾಯಚೂರಿನ ಹಾದಿಯಾಗಿ ಬರುತ್ತಿದ್ದ ಮೇಲ್ ಗಾಡಿಯಲ್ಲಿ ಅದು ನಿಮ್ಮ ಮುತ್ತಜ್ಜನವರ ಕೈ ಸೇರಿದಾಗ ಮುಂಬಯಿಯ ಪತ್ರಿಕೆಗಳಲ್ಲಿ ಸುದ್ದಿ ಆಗಲೇ ಬಂದಿತ್ತು. ಆದರೆ ತಮ್ಮ ಸರಕಿನ ಗತಿ ಏನಾಯಿತು ಎಂಬುದು ಅವರಿಗೆ ತಿಳಿದದ್ದು ಈ ಪತ್ರದಿಂದಲೇ ಇರಬೇಕು.

ನೀವು ಮಾಡಿದ ನಕಲಿನಲ್ಲಿ ಎರಡು ಓದು ತಪ್ಪಿವೆ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಕಾಲದ ಅಂಗಡಿ ಬರಹ ಮೋಡಿ ಕನ್ನಡದ್ದು. ಲೇಖಣಿಯನ್ನು ಎತ್ತದೆ ಬರೆಯುವ ಅವಸರದಲ್ಲಿ ಒತ್ತಕ್ಷರಗಳು ಕರಗಿ, ದೀರ್ಘಗಳು ಮಾಯವಾಗಿ, ಪಕ್ಕಪಕ್ಕದ ಪದಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೀವು "ಕೊಬ್ಬರಿ" ಎಂದು ಓದಿದ ಪದ ಕೊಬ್ಬರಿಯಲ್ಲ, "ಕೊಪ್ಪರಿಗೆ". "ಸೀಮೆಎಣ್ಣೆ ಕೊಪ್ಪರಿಗೆಗಳು ಎರಡು ಹತ್ತಿ ಉರಿದು ಪೇಟೆಯೆಲ್ಲ ಹಗಲಿನಂತಾಯಿತು" ಎಂಬುದು ಪೂರ್ತಿ ವಾಕ್ಯ. ಬಂದರಿನ ಬಳಿ ಬರ್ಮಾ ಆಯಿಲ್ ಕಂಪನಿಯವರು ಸೀಮೆಎಣ್ಣೆ ತುಂಬಿಡಲು ನಿಲ್ಲಿಸಿದ್ದ ಕಬ್ಬಿಣದ ದೊಡ್ಡ ಟ್ಯಾಂಕುಗಳಿಗೆ ಆ ದಲ್ಲಾಲಿಯ ಬಳಿ ಬೇರೆ ಪದವಿರಲಿಲ್ಲ. ಮದುವೆ ಮನೆಯಲ್ಲಿ, ಆಲೆಮನೆಯಲ್ಲಿ ತಾವು ಕಂಡಿದ್ದ ಅತಿ ದೊಡ್ಡ ಪಾತ್ರೆಯ ಹೆಸರನ್ನೇ ಅವರು ಅದಕ್ಕೆ ಕೊಟ್ಟರು. ಈ ಒಂದು ಪದ ಸರಿಯಾಗಿ ಓದಿದ ಕೂಡಲೇ ಪತ್ರ ತನ್ನ ಜಾಗಕ್ಕೆ ಬಂದು ಕೂರುತ್ತದೆ, ಏಕೆಂದರೆ ಆ ರಾತ್ರಿ ಮದರಾಸಿನಲ್ಲಿ ಬೆಂಕಿ ಹತ್ತಿದ್ದು ನಿಜವಾಗಿಯೂ ಎರಡು ಎಣ್ಣೆ ಟ್ಯಾಂಕುಗಳಿಗೆ.

ಎರಡನೆಯದು ಗಾಡಿ ಬಾಡಿಗೆಯ ಲೆಕ್ಕ. ನೀವು ಅದನ್ನು 211 ಎಂದು ಓದಿ, ಅಷ್ಟು ಬಾಡಿಗೆ ಹೇಗೆ ಸಾಧ್ಯ ಎಂದು ಕೇಳಿದ್ದೀರಿ. ಅಲ್ಲಿರುವುದು ಎರಡು ಎಂಬ ಅಂಕಿ ಮತ್ತು ಅದರ ಮುಂದೆ ನಿಂತ ಎರಡು ಗೆರೆ. ನಮ್ಮ ಹಳೆಯ ಲೆಕ್ಕದಲ್ಲಿ ಒಂದು ನಿಂತ ಗೆರೆ ಎಂದರೆ ಕಾಲು ರೂಪಾಯಿ, ಅಂದರೆ ನಾಲ್ಕಾಣೆ. ಎರಡು ಗೆರೆ ಎಂಟಾಣೆ. ಮೂರು ಗೆರೆ ಹನ್ನೆರಡಾಣೆ. ಆದ್ದರಿಂದ ಅದು ಎರಡು ರೂಪಾಯಿ ಎಂಟಾಣೆ. ಗೋದಾಮಿನಿಂದ ರೈಲಿನ ಗೂಡ್ಸ್ ಶೆಡ್ಡಿನ ತನಕ ಒಂದು ಎತ್ತಿನ ಗಾಡಿಗೆ ಗಾಡಿಯವರು ಅಷ್ಟು ಕೇಳುತ್ತಿದ್ದಾರೆ ಎಂದು ದಲ್ಲಾಲಿ ಕೊರಗಿದ್ದಾರೆ. ಊರು ಬಿಡುವವರು ಗಾಡಿಗಾಗಿ ಮುಗಿಬಿದ್ದಿದ್ದ ದಿನಗಳವು.

ಈಗ ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಎಮ್ಡನ್ ಜರ್ಮನಿಯ ಹಗುರ ಜಾತಿಯ ಯುದ್ಧನೌಕೆ. ಚೀನದ ಚಿಂಗ್‌ಟಾವೊ ಬಂದರನ್ನು ನೆಲೆಯಾಗಿಸಿಕೊಂಡಿದ್ದ ಜರ್ಮನ್ ನೌಕಾದಳಕ್ಕೆ ಸೇರಿದ್ದು. 1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದಾಗ ಅದರ ಕಪ್ತಾನ ಕಾರ್ಲ್ ಫಾನ್ ಮ್ಯುಲರ್ ದಳದಿಂದ ಬೇರೆಯಾಗಿ, ಒಂದೇ ಹಡಗಿನೊಂದಿಗೆ ಹಿಂದೂ ಮಹಾಸಾಗರಕ್ಕೆ ನುಗ್ಗಲು ಅನುಮತಿ ಪಡೆದುಕೊಂಡರು. ಎಮ್ಡನ್‌ಗೆ ಮೂರು ಹೊಗೆ ಕೊಳವೆಗಳಿದ್ದವು. ದೂರದಿಂದ ನೋಡಿದವರು ಬ್ರಿಟಿಷ್ ಹಡಗೆಂದು ಭ್ರಮಿಸಲಿ ಎಂದು ನಾಲ್ಕನೆಯ ಹುಸಿ ಕೊಳವೆಯೊಂದನ್ನು ಕಟ್ಟಿಕೊಂಡಿದ್ದರು. ಸೆಪ್ಟೆಂಬರ್ ಎರಡನೆಯ ವಾರದಿಂದ ಬಂಗಾಳ ಕೊಲ್ಲಿಯಲ್ಲಿ ಅದು ಒಂದಾದ ಮೇಲೊಂದು ವ್ಯಾಪಾರಿ ಹಡಗನ್ನು ಹಿಡಿದು, ಜನರನ್ನು ಇಳಿಸಿಕೊಂಡು, ಹಡಗುಗಳನ್ನು ಮುಳುಗಿಸುತ್ತ ಬಂತು. ಕಲ್ಕತ್ತೆಯಿಂದ ಹಡಗುಗಳು ಹೊರಡುವುದೇ ನಿಂತುಹೋಗಿತ್ತು.

22ರ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಅದು ಮದರಾಸಿನ ದಡದಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ನಿಂತು, ಸರ್ಚ್‌ಲೈಟ್ ಬೀಸಿ, ಎಣ್ಣೆ ಟ್ಯಾಂಕುಗಳನ್ನು ಗುರಿಯಾಗಿಸಿ ಗುಂಡು ಹಾರಿಸಿತು. ಹೈಕೋರ್ಟಿನ ಗುಮ್ಮಟದ ಮೇಲಿದ್ದ ದೀಪಸ್ತಂಭ ಎಂದಿನಂತೆ ಉರಿಯುತ್ತಿತ್ತು. ಊರೂ ದೀಪ ಆರಿಸಿರಲಿಲ್ಲ. ಒಟ್ಟು ಸುಮಾರು 125ರಿಂದ 130 ಗುಂಡುಗಳು ಬಿದ್ದವು. ಬಂದರಿನಲ್ಲಿ ನಿಂತಿದ್ದ ಚುಪ್ರಾ ಎಂಬ ವ್ಯಾಪಾರಿ ಹಡಗಿಗೆ ಪೆಟ್ಟಾಯಿತು. ಹೈಕೋರ್ಟಿನ ಆವರಣದ ಗೋಡೆಗೆ ಒಂದು ಗುಂಡು ಬಡಿಯಿತು, ಅಲ್ಲಿ ಇಂದಿಗೂ ಆ ನೆನಪಿನ ಫಲಕವಿದೆ. ದಡದ ಫಿರಂಗಿಗಳೂ ಉತ್ತರ ಕೊಟ್ಟವು, ಒಂದೂ ಹಡಗಿಗೆ ತಗಲಲಿಲ್ಲ. ಅರ್ಧ ಗಂಟೆಯೊಳಗೆ ಎಲ್ಲ ಮುಗಿದು ಎಮ್ಡನ್ ದೀಪ ಆರಿಸಿಕೊಂಡು ಕತ್ತಲೆಯಲ್ಲಿ ಹೊರಟುಹೋಯಿತು. ಸತ್ತವರು ಬೆರಳೆಣಿಕೆಯಷ್ಟು. ಸುಟ್ಟುಹೋದ ಎಣ್ಣೆ ಮಾತ್ರ ಮೂರೂವರೆ ಲಕ್ಷ ಗ್ಯಾಲನ್‌ಗೆ ಹತ್ತಿರ. ಆಗ ಅಂಗಡಿಗಳಲ್ಲಿ ಮಾರುತ್ತಿದ್ದ ನಾಲ್ಕು ಗ್ಯಾಲನ್ನಿನ ತಗಡಿನ ಡಬ್ಬಾಗಳ ಲೆಕ್ಕದಲ್ಲಿ ಅದು ಎಂಬತ್ತಾರು ಸಾವಿರ ಡಬ್ಬಾಗಳಿಗಿಂತ ಹೆಚ್ಚು. ನಮ್ಮ ಹಿರಿಯರು ಇದನ್ನೇ ಊರಿನಲ್ಲಿ ಚಿಮಣಿ ಎಣ್ಣೆ ಎಂದೂ ಮುಂಬಯಿಗೆ ಬಂದ ಮೇಲೆ ಘಾಸಲೇಟು ಎಂದೂ ಕರೆದರು. ಹಳ್ಳಿಯ ಪ್ರತಿ ಮನೆಯ ಬುಡ್ಡಿ ದೀಪಕ್ಕೂ ಬೇಕಾಗಿದ್ದ ಸರಕು ಅದು.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ವ್ಯಾಪಾರಿಯ ಮಾತನ್ನು ನಂಬಬಹುದೇ? ಇದಕ್ಕೆ ಉತ್ತರ ಪತ್ರದ ವ್ಯಾಕರಣದಲ್ಲಿಯೇ ಇದೆ. ದಲ್ಲಾಲಿ ಬರೆದಿರುವ ಐದಾರು ವಾಕ್ಯಗಳ ಕ್ರಿಯಾಪದಗಳನ್ನು ಮಾತ್ರ ಬಿಡಿಸಿ ನೋಡಿ. ಸಮುದ್ರದ ಕಡೆಯಿಂದ ಬೆಳಕು ಬೀಸಿ ಗುಂಡು "ಹಾಕಿದರು". ಕೊಪ್ಪರಿಗೆಗಳು ಹತ್ತಿ ಉರಿದು ಪೇಟೆ ಹಗಲಿನಂತೆ "ಆಯಿತು". ಕೂಲಿಯವರು ಊರು "ಬಿಟ್ಟಿದ್ದಾರೆ". ಆದರೆ ಮುಂದಿನ ಸಾಲಿನಲ್ಲಿ ಮೂರು ಹಡಗು "ಬಂದಿದ್ದವಂತೆ", ಕೋಟೆಯವರು ಅದರಲ್ಲಿ ಒಂದನ್ನು "ಮುಳುಗಿಸಿದರಂತೆ". ಕಣ್ಣಾರೆ ಕಂಡದ್ದನ್ನು ನೇರ ಕ್ರಿಯಾಪದದಲ್ಲಿ, ಕೇಳಿದ್ದನ್ನು "ಅಂತೆ" ಹಚ್ಚಿ ಬರೆಯುವುದು ಕನ್ನಡಿಗನಿಗೆ ಯಾರೂ ಕಲಿಸಬೇಕಾಗಿಲ್ಲದ ಎಚ್ಚರ. ಆ ಮನುಷ್ಯ ಅವಸರದಲ್ಲಿ, ಪ್ರಾಯಶಃ ಭಯದಲ್ಲಿಯೂ ಬರೆಯುತ್ತಿರುವಾಗ ಈ ಎಚ್ಚರವನ್ನು ಎಲ್ಲಿಯೂ ತಪ್ಪಿಸಿಲ್ಲ. ನಮಗೆ ತಿಳಿದ ಇತಿಹಾಸದೊಂದಿಗೆ ಹೋಲಿಸಿ ನೋಡಿದರೆ, ಅವರು ನೇರವಾಗಿ ಹೇಳಿದ ಸಮಯ, ಬೆಳಕು, ಎರಡು ಟ್ಯಾಂಕು ಮೂರೂ ಸರಿ; "ಅಂತೆ" ಹಚ್ಚಿದ ಎರಡೂ ತಪ್ಪು. ಗುಂಡು ಹಾರಿಸಿದ್ದು ಒಂದೇ ಹಡಗು, ಮತ್ತು ಆ ರಾತ್ರಿ ಯಾರೂ ಅದನ್ನು ಮುಳುಗಿಸಲಿಲ್ಲ.

ತಪ್ಪಾದ ಆ ಎರಡು ವಾಕ್ಯಗಳು ಪ್ರಯೋಜನವಿಲ್ಲದವು ಎಂದು ಮಾತ್ರ ತಿಳಿಯಬೇಡಿ. ದಾಳಿಯಾದ ಎರಡನೆಯ ದಿನ ಗೋವಿಂದಪ್ಪ ನಾಯಕರ ಬೀದಿಯಲ್ಲಿ, ಕೊತ್ವಾಲ ಚಾವಡಿಯಲ್ಲಿ ಜನ ಏನು ಮಾತಾಡಿಕೊಳ್ಳುತ್ತಿದ್ದರು ಎಂಬುದನ್ನು ಸರಕಾರದ ವರದಿ ನಮಗೆ ಹೇಳುವುದಿಲ್ಲ. ಈ ಪತ್ರ ಹೇಳುತ್ತದೆ. ಎಮ್ಡನ್ ಎಂಬ ಹೆಸರು ಪತ್ರದಲ್ಲಿ ಇಲ್ಲ, "ಜರ್ಮನಿಯವರ ಹಡಗು" ಎಂದಷ್ಟೇ ಇದೆ, ಇದರಿಂದ ಸಾಕ್ಷ್ಯ ದುರ್ಬಲವಾಗುವುದಿಲ್ಲವೇ ಎಂದು ನಿಮ್ಮ ಮಗ ಕೇಳಿದರು. ಆಗುವುದಿಲ್ಲ. ಆ ಹೆಸರು ಜನರ ಬಾಯಲ್ಲಿ ನೆಲೆನಿಂತು, ತಮಿಳಿನಲ್ಲಿ ಮಹಾ ಚಾಲಾಕಿಯನ್ನು ಎಮ್ಡನ್ ಎಂದು ಕರೆಯುವ ಮಟ್ಟಿಗೆ ಬೆಳೆದದ್ದು ನಂತರದ ಮಾತು. ದಾಳಿಯ ಬಗ್ಗೆ ಬಹಳ ಕಾಲದ ಮೇಲೆ ಬರೆದ ನೆನಪಾಗಿದ್ದರೆ ಆ ಹೆಸರು ಖಂಡಿತ ಇರುತ್ತಿತ್ತು. ಇಲ್ಲದಿರುವುದೇ ಪತ್ರದ ತಾಜಾತನಕ್ಕೆ ಗುರುತು. ತಿರುವನಂತಪುರದ ಚಂಪಕರಾಮನ್ ಪಿಳ್ಳೆಯವರು ಆ ಹಡಗಿನಲ್ಲಿದ್ದು ದಾರಿ ತೋರಿಸಿದರು ಎಂಬ ಕಥೆಯನ್ನೂ ನೀವು ಎಲ್ಲಿಯಾದರೂ ಓದಿರಬಹುದು. ಅದಕ್ಕೆ ನಂಬಬಹುದಾದ ಆಧಾರವಿಲ್ಲ, ನಿಮ್ಮ ಪತ್ರದಲ್ಲಿಯೂ ಅದರ ಸುಳಿವಿಲ್ಲ.

ಇಷ್ಟಾಗಿ, ದಾಳಿಯ ವಿಷಯ ಪತ್ರದಲ್ಲಿ ಆಕ್ರಮಿಸಿಕೊಂಡಿರುವುದು ಎಷ್ಟು ಸಾಲು? ಎರಡು ಹಾಳೆಗಳಲ್ಲಿ ಆರು ಸಾಲು ಮಾತ್ರ. ಉಳಿದದ್ದೆಲ್ಲ ವ್ಯವಹಾರ. ಆರು ಸಾಲುಗಳ ಚಿತ್ರ ತೆಗೆದು ಚೌಕಟ್ಟು ಹಾಕಿಸುವ ಆಲೋಚನೆ ನಿಮ್ಮ ಮನೆಯಲ್ಲಿ ನಡೆದಿದೆ. ಅದು ನಿಮ್ಮ ಇಷ್ಟ. ಆದರೆ ಇತಿಹಾಸವೆಲ್ಲ ಆ ಆರು ಸಾಲುಗಳಲ್ಲಿದೆ, ಮಿಕ್ಕದ್ದು ಅಂಗಡಿ ಲೆಕ್ಕ ಎಂದು ದಯವಿಟ್ಟು ಭಾವಿಸಬೇಡಿ. ನಾನು ಇದನ್ನು ಒತ್ತಿ ಹೇಳಲು ಕಾರಣವಿದೆ. ಎಮ್ಡನ್ ಮದರಾಸಿನಲ್ಲಿ ಕೊಂದದ್ದು ಕೆಲವರನ್ನು, ಸುಟ್ಟದ್ದು ಎರಡು ಟ್ಯಾಂಕುಗಳನ್ನು. ಅದರ ನಿಜವಾದ ಪೆಟ್ಟು ಬಿದ್ದದ್ದು ವ್ಯಾಪಾರದ ಮೇಲೆ, ನಂಬಿಕೆಯ ಮೇಲೆ. ಆ ಪೆಟ್ಟಿನ ಗುರುತು ಕಾಣುವುದು ಉಳಿದ ಸಾಲುಗಳಲ್ಲಿಯೇ.

"ರಂಗೂನಿನ ಅಕ್ಕಿ ಹಡಗಿನ ಭರವಸೆ ಇಲ್ಲ" ಎಂದು ಮೊದಲ ಹಾಳೆಯ ಕೊನೆಯಲ್ಲಿದೆ. ಮದರಾಸಿನ ಕರಾವಳಿ ಆಗ ಬರ್ಮಾದ ಅಕ್ಕಿಯನ್ನು ಬಹಳವಾಗಿ ಅವಲಂಬಿಸಿತ್ತು. ಸೀಮೆಎಣ್ಣೆಯೂ ತೇಗವೂ ಬರುತ್ತಿದ್ದದ್ದು ಅದೇ ಸಮುದ್ರದ ಹಾದಿಯಲ್ಲಿ. ಕೊಲ್ಲಿಯಲ್ಲಿ ಒಂದು ಶತ್ರುನೌಕೆ ಇದೆ ಎಂದಾದರೆ ಹಡಗಿನ ಮಾಲಿಕರು ಬಂದರು ಬಿಟ್ಟು ಹೊರಡುವುದಿಲ್ಲ, ಹೊರಟರೆ ವಿಮೆಯವರು ಕೇಳುವ ದರ ಸರಕಿನ ಲಾಭವನ್ನೆಲ್ಲ ನುಂಗುತ್ತದೆ. "ಕಡಲೆಕಾಯಿ ಕೇಳುವವರಿಲ್ಲ" ಎಂಬ ಇನ್ನೊಂದು ಸಾಲೂ ಅಷ್ಟೇ ತೂಕದ್ದು. ಆ ಭಾಗದ ಕಡಲೆಕಾಯಿ ಪುದುಚೇರಿ ಮತ್ತು ಮದರಾಸಿನಿಂದ ಫ್ರಾನ್ಸಿನ ಎಣ್ಣೆ ಗಿರಣಿಗಳಿಗೆ ಹೋಗುತ್ತಿತ್ತು. ಯುದ್ಧ ಶುರುವಾದೊಡನೆ ಆ ಪೇಟೆ ಕುಸಿದಿತ್ತು. ದಲ್ಲಾಲಿ ಶೇಂಗಾ ಎನ್ನದೆ ಕಡಲೆಕಾಯಿ ಎಂದಿರುವುದರಿಂದ ಅವರು ಹಳೆ ಮೈಸೂರಿನ ಕಡೆಯವರು ಎಂದು ಊಹಿಸುತ್ತೇನೆ. ನಿಮ್ಮ ಮನೆತನ ಧಾರವಾಡದ ಕಡೆಯದಾದ್ದರಿಂದ ಅವರು ನೆಂಟರಾಗಿರಲಾರರು, ವ್ಯವಹಾರದ ಬಳಕೆಯವರೇ ಇರಬೇಕು.

ಎರಡನೆಯ ಹಾಳೆಯಲ್ಲಿರುವ ಹುಂಡಿಯ ಮಾತಂತೂ ನನ್ನ ಕಣ್ಣಿಗೆ ಇಡೀ ಪತ್ರದ ಹೃದಯ. ನಿಮ್ಮ ಮುತ್ತಜ್ಜನವರಿಗೆ ದಲ್ಲಾಲಿಯಿಂದ ಹಣ ಬರಬೇಕಾಗಿತ್ತು. ಅದಕ್ಕಾಗಿ ಅವರು ದಲ್ಲಾಲಿಯ ಮೇಲೆ ದರ್ಶನಿ ಹುಂಡಿ ಬರೆಯುವವರಿದ್ದರು. ದರ್ಶನಿ ಎಂದರೆ ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು. ಮುದ್ದತಿ ಹುಂಡಿಯಂತೆ ಇಷ್ಟು ದಿನ ಎಂಬ ಅವಧಿ ಅದಕ್ಕಿಲ್ಲ. ಮುಂಬಯಿಯ ಸರಾಫನೊಬ್ಬ, ಅಂದರೆ ಲೇವಾದೇವಿಗಾರ, ಅದನ್ನು ಕೊಂಡು, ಮದರಾಸಿನ ತನ್ನ ಜೊತೆಗಾರನಿಗೆ ಕಳಿಸಿ, ಅವನು ದಲ್ಲಾಲಿಯ ಬಾಗಿಲಿಗೆ ಬಂದು ತೋರಿಸಿದಾಗ ಹಣ ಎಣಿಸದಿದ್ದರೆ ಆ ದಲ್ಲಾಲಿಯ ಹೆಸರು ಅಂದೇ ಪೇಟೆಯಲ್ಲಿ ಮುಳುಗಿತು. ಇದನ್ನು ತಿಳಿದೇ ಅವರು "ಹುಂಡಿಯನ್ನು ಸದ್ಯ ತೋರಿಸಬಾರದು, ಎಂಟು ದಿನ ತಡೆಯಬೇಕು, ಸೌಕಾರರು ಬಾಗಿಲು ತೆರೆದಿಲ್ಲ" ಎಂದು ಬೇಡಿಕೊಂಡಿದ್ದಾರೆ. ಗುಂಡು ಬಿದ್ದದ್ದು ಬಂದರಿನಲ್ಲಿ. ಬಾಗಿಲು ಹಾಕಿದ್ದು ಸೌಕಾರ್‌ಪೇಟೆಯಲ್ಲಿ.

ಸೌಕಾರರ ಭಯ ಆ ಒಂದು ರಾತ್ರಿಯಲ್ಲಿ ಹುಟ್ಟಿದ್ದೂ ಅಲ್ಲ. ಮದರಾಸಿನ ದೊಡ್ಡ ಹೆಸರಾಗಿದ್ದ ಆರ್ಬತ್‌ನಾಟ್ ಕಂಪನಿ 1906ರಲ್ಲಿ ದಿವಾಳಿಯಾಗಿ ಸಾವಿರಾರು ಜನರ ಠೇವಣಿ ಮುಳುಗಿತ್ತು. ಮುಂಬಯಿಯಲ್ಲಿ ಇಂಡಿಯನ್ ಸ್ಪೀಸಿ ಬ್ಯಾಂಕು 1913ರ ಕೊನೆಯಲ್ಲಿ ಬಿದ್ದು ಇನ್ನೂ ಒಂದು ವರ್ಷವಾಗಿರಲಿಲ್ಲ. ಯುದ್ಧದ ಸುದ್ದಿ ಬಂದೊಡನೆ ಜನ ಅಂಚೆ ಕಚೇರಿಯ ಉಳಿತಾಯ ಖಾತೆಗಳಿಂದಲೂ ಹಣ ತೆಗೆದು ಮನೆಯಲ್ಲಿಟ್ಟುಕೊಳ್ಳತೊಡಗಿದ್ದರು. ಇಂಥ ಪೇಟೆಯ ಮೇಲೆ ಎಮ್ಡನ್ನಿನ ಗುಂಡು ಬಿದ್ದಾಗ ನಗದು ಎಲ್ಲಿಂದ ಹೊರಬರಬೇಕು? ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಗಳ ಕಡೆ ನಡೆದ ಆ ದಿನಗಳಲ್ಲಿ ಕೂಲಿಯಿಲ್ಲದೆ, ಗಾಡಿಯಿಲ್ಲದೆ, ನಗದಿಲ್ಲದೆ, ಆದರೂ ಬಿಲ್ಟಿಯನ್ನು ನಾಲ್ಕು ದಿನದಲ್ಲಿ ಕಳಿಸುತ್ತೇನೆಂದು ಮಾತು ಕೊಟ್ಟ ಮನುಷ್ಯನನ್ನು ನಾನು ಗೌರವದಿಂದ ಕಾಣುತ್ತೇನೆ.

ಒಂದು ಸಣ್ಣ ವಿಷಯ ಬಹುಶಃ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಮೊದಲ ಹಾಳೆಯ ಬಲ ಮೂಲೆಯಲ್ಲಿ ಹೆಬ್ಬೆರಳಿನ ಅಗಲದ ಹಳದಿ ಕಲೆ ಇದೆ. ನೀವು ಅದನ್ನು ತೇವದ ಕಲೆ ಎಂದುಕೊಂಡಿದ್ದಿರಿ. ಅದು ಅರಿಶಿನ. ಸಾವಿನ ಸುದ್ದಿಯ ಪತ್ರಕ್ಕೆ ಮೂಲೆ ಹರಿದು ಕಳಿಸುವುದು, ಶುಭದ ಪತ್ರಕ್ಕೆ ಅರಿಶಿನ ಹಚ್ಚುವುದು ನಮ್ಮ ಹಿರಿಯರ ಪದ್ಧತಿ. ಊರಿಗೆ ಊರೇ ಓಡುತ್ತಿದ್ದಾಗಲೂ, "ನಮ್ಮ ಮಳಿಗೆಗೆ ಏನೂ ಆಗಿಲ್ಲ" ಎಂಬುದನ್ನು ಪತ್ರ ಬಿಚ್ಚುವ ಮೊದಲೇ ಮುಂಬಯಿಯವರಿಗೆ ತಿಳಿಸಬೇಕೆಂದು ಆತ ನವರಾತ್ರಿಯ ಪೂಜೆಯ ಅರಿಶಿನವನ್ನೇ ಹಚ್ಚಿರಬಹುದು.

ನಿಮ್ಮ ಅತ್ತೆಯವರ ನೆನಪಿನ ಬಗ್ಗೆ ಎರಡು ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಮೂರು ಘಟನೆಗಳು ಅವರಲ್ಲಿ ಒಂದಾಗಿವೆ. 1942ರ ಏಪ್ರಿಲ್ 5ರಂದು ಜಪಾನಿನ ವಿಮಾನಗಳು ಕೊಲಂಬೋದ ಮೇಲೂ, ಮಾರನೆಯ ದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೂ ಬಾಂಬು ಹಾಕಿದವು. ಆ ತಿಂಗಳು ಮದರಾಸು ಮತ್ತೊಮ್ಮೆ ಬರಿದಾಯಿತು, ಸರಕಾರಿ ಕಚೇರಿಗಳೇ ಒಳನಾಡಿಗೆ ಹೋದವು. ಎರಡು ವರ್ಷದ ನಂತರ, 1944ರ ಏಪ್ರಿಲ್ 14ರಂದು, ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿಯನ್ನೂ ಸುಮಾರು 1,400 ಟನ್ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಹಡಗು ಬೆಂಕಿ ಹತ್ತಿ ಸಿಡಿಯಿತು. ಸಂಜೆ ನಾಲ್ಕು ಗಂಟೆ ಹೊಡೆದ ಮೇಲೆ ಅರ್ಧ ಗಂಟೆಯ ಅಂತರದಲ್ಲಿ ಎರಡು ಸಲ ಸಿಡಿದ ಆ ಸದ್ದಿಗೆ ಜಪಾನಿನವರೇ ಬಂದರೆಂದು ಓಡಿದವರು ಬಹಳ. ಎಂಟು ನೂರಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದ 66 ಮಂದಿ ಮರಳಲಿಲ್ಲ. ಮಸ್ಜಿದ್ ಬಂದರಿನ ಸುತ್ತಿನ ಗೋದಾಮುಗಳು ದಿನಗಟ್ಟಲೆ ಉರಿದವು. ನಿಮ್ಮ ಪೇಢಿಯ ಕಾಗದಗಳನ್ನು ಆ ವರ್ಷವೇ ತಗಡಿನ ಟ್ರಂಕಿಗೆ ತುಂಬಿ ಉಪನಗರಕ್ಕೆ ಸಾಗಿಸಿದರು ಎಂದು ಅತ್ತೆಯವರು ಹೇಳಿದ್ದು ಇದಕ್ಕೆ ಸರಿಯಾಗಿ ಕೂಡುತ್ತದೆ. ಅವರ ಮಾತನ್ನು ಧ್ವನಿಮುದ್ರಣ ಮಾಡಿಟ್ಟುಕೊಳ್ಳಿ. ಪತ್ರ 1914ಕ್ಕೆ ಸಾಕ್ಷಿಯಾದರೆ ಅವರು 1944ಕ್ಕೆ ಸಾಕ್ಷಿ.

ಪತ್ರವನ್ನು ಕಾಪಾಡುವ ವಿಷಯ ಸುಲಭ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಆ ಬಿಸಿ ಪ್ಲಾಸ್ಟಿಕ್ ಅಂಟಿದರೆ ಮತ್ತೆ ಬಿಡಿಸಲಾಗದು. ಮಡಿಕೆ ಹರಿದಿರುವಲ್ಲಿ ಸೆಲ್ಲೋಟೇಪ್ ಬೇಡ. ಅಂಚೆಚೀಟಿಯನ್ನು ಕಿತ್ತು ಮಾರಬೇಡಿ. ಆ ಜಾತಿಯ ಚೀಟಿ ಎಲ್ಲೆಡೆ ಸಿಗುತ್ತದೆ, ಆದರೆ ಈ ಲಕೋಟೆಯ ಮೇಲಿದ್ದಾಗ ಮಾತ್ರ ಅದು ಪತ್ರದ ಕಾಲಕ್ಕೆ ಪುರಾವೆ. ಆಮ್ಲವಿಲ್ಲದ ಕಾಗದದ ಮಡಿಕೆಯಲ್ಲಿ ಚಪ್ಪಟೆಯಾಗಿಟ್ಟು, ಮಳೆಗಾಲದಲ್ಲಿ ಗೋಡೆಗೆ ತಾಗದ ಕಪಾಟಿನಲ್ಲಿ ಇಡಿ. ಮಸುಕಾದ ಅಕ್ಷರಗಳ ಮೇಲೆ ಯಾರೂ ಪೆನ್ನು ಆಡಿಸದಂತೆ ನೋಡಿಕೊಳ್ಳಿ. ಟ್ರಂಕಿನಲ್ಲಿ ಆ ವರ್ಷದ ಖಿರ್ದಿಯೂ (ದಿನದಿನದ ಲೆಕ್ಕದ ಪುಸ್ತಕ) ಖಾತೆವಹಿಯೂ ಇವೆಯೇ ಎಂದು ಹುಡುಕಿ. ಮದರಾಸಿನಿಂದ ಹೊರಟ ಎಮ್ಡನ್ ಸಿಂಹಳವನ್ನು ಸುತ್ತಿ, ಮಿನಿಕಾಯ್ ದ್ವೀಪದ ಬಳಿ ಏಡನ್ ಮತ್ತು ಕೊಲಂಬೋ ನಡುವಿನ ವ್ಯಾಪಾರದ ಹಾದಿಯಲ್ಲಿಯೇ ಹಡಗುಗಳನ್ನು ಹಿಡಿಯಿತು. ಅಕ್ಟೋಬರ್ 28ರಂದು ಪಿನಾಂಗ್ ಬಂದರಿಗೆ ನುಗ್ಗಿ ರಷ್ಯದ ಯುದ್ಧನೌಕೆಯೊಂದನ್ನು ಮುಳುಗಿಸಿತು. ಕೊನೆಗೆ ನವೆಂಬರ್ 9ರಂದು ಕೋಕೋಸ್ ದ್ವೀಪಗಳಲ್ಲಿ ಆಸ್ಟ್ರೇಲಿಯದ ಸಿಡ್ನಿ ಎಂಬ ನೌಕೆಯ ಕೈಗೆ ಸಿಕ್ಕು ನಾಶವಾಯಿತು. ಆ ಏಳು ವಾರಗಳ ಖಿರ್ದಿಯಲ್ಲಿ ಸೀಮೆಎಣ್ಣೆಯ ದರ, ಸಮುದ್ರ ವಿಮೆಯ ಖರ್ಚು, ಹುಂಡಾವಣಿಯ ವಟ್ಟ (ಹುಂಡಿ ಕೊಳ್ಳುವಾಗ ಕಳೆಯುವ ಹಣ) ಹೇಗೆ ಏರಿಳಿದಿವೆ ಎಂಬುದನ್ನು ನೋಡಲು ನನಗೆ ತುಂಬ ಆಸೆಯಿದೆ. ಕೊಡುವ ಮನಸ್ಸಾದರೆ ಕಾಲಾ ಘೋಡಾದಲ್ಲಿರುವ ರಾಜ್ಯ ಪತ್ರಾಗಾರದವರನ್ನು ವಿಚಾರಿಸಬಹುದು. ಆದರೆ ಟ್ರಂಕನ್ನು ಒಡೆಯದೆ, ಇಡಿಯಾಗಿ ಕೊಡಿ.

ಕೊನೆಯದಾಗಿ, ನೀವು ಫೋಟೋ ತೆಗೆಯದೆ ಬಿಟ್ಟ ಒಂದು ಬದಿಯ ವಿಷಯ. ಎರಡನೆಯ ಹಾಳೆಯ ಹಿಂಭಾಗ ಖಾಲಿ ಎಂದು ನೀವು ತಿಳಿಸಿದ್ದಿರಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಅಲ್ಲಿ ಸೀಸದ ಕಡ್ಡಿಯ ಬರಹ ಕಂಡಿತು. ಕೈ ಬೇರೆ, ಅಕ್ಷರ ಗುಂಡಗೆ ಬಿಡಿಬಿಡಿಯಾಗಿವೆ. ಪೇಢಿಯ ಖಾತೆವಹಿಯ ಮೇಲಿರುವ ನಿಮ್ಮ ಮುತ್ತಜ್ಜನವರ ಸಹಿಯೊಂದಿಗೆ ಹೋಲಿಸಿ ನೋಡಿದೆವಲ್ಲ, ಅದೇ ಕೈ. ಅಲ್ಲಿರುವುದು ಒಂದೇ ಸಾಲು: "ಜವಾಬು ಬರೆದಿದೆ. ಹುಂಡಿ ದಸರೆಯ ನಂತರ."